‘ಹುಡುಗರಾಟ ಬಿಡ್ರಿ’ ಅಂದ ಶಾಲೆಗೆ ಹೊಣೆ ಇಲ್ಲವೇ?

ಪ್ರಶ್ನೆ: ವಕೀಲ ಸಾಹೇಬರೇ, ನಾವು ಹುಬ್ಬಳ್ಳಿ ಗೋಕುಲ ರೋಡ್ ಕಡೆಯವರು. ಮಗ ಒಂದು ಖಾಸಗಿ ಶಾಲೆಯಲ್ಲಿ ಏಳನೇ ಕ್ಲಾಸ್, ರಾಜ್ಯ ಸಿಲಬಸ್. ಮೊದಲು ಶಿಗ್ಗಾಂವಿ ಹತ್ತಿರ ನಮ್ಮೂರಲ್ಲಿ ಓದುತ್ತಿದ್ದ. ಹೋದ ವರ್ಷ ಇಲ್ಲಿಗೆ ಹಾಕಿದೆವು. ಅವನ ಹಳ್ಳಿ ಮಾತು ಹಿಡಿದುಕೊಂಡು ಒಂಬತ್ತನೇ ಕ್ಲಾಸಿನ ಮೂರು ಹುಡುಗರು ಜೂನ್‌ನಿಂದ ಕಾಡುತ್ತಿದ್ದಾರೆ. ಊಟದ ಡಬ್ಬಿ ಕಸಿದುಕೊಳ್ಳುವುದು, ಬಸ್ಸಿನಲ್ಲಿ ಸೀಟು ಬಿಡಿಸಿ ನಿಲ್ಲಿಸುವುದು, ತಲೆಗೆ ಹೊಡೆಯುವುದು. ಕ್ಲಾಸ್ ಟೀಚರಿಗೆ ಎರಡು ಸಲ ಹೇಳಿದೆ. ಆಗಸ್ಟ್‌ನಲ್ಲಿ ಹೆಡ್ ಮೇಡಂಗೂ ಹೇಳಿದೆ. ‘ಹುಡುಗರಾಟ ಬಿಡ್ರಿ’ ಅಂದರು. ಹೋದ ತಿಂಗಳು ಮೆಟ್ಟಿಲ ಮೇಲಿಂದ ತಳ್ಳಿದರು. ಎಡಗೈ ಮುರಿದಿದೆ. ಆಸ್ಪತ್ರೆಯಲ್ಲಿ ಗದ್ದಲ ಬೇಡ ಅಂತ ‘ಆಡುವಾಗ ಬಿದ್ದ’ ಎಂದೇ ಹೇಳಿದೆವು. ಈಗ ಕೇಳಲು ಹೋದರೆ ‘ಅಷ್ಟು ತ್ರಾಸ ಆಗಿದ್ರೆ ಟಿ.ಸಿ. ತಗೊಂಡು ಹೋಗ್ರಿ’ ಅನ್ನುತ್ತಾರೆ. ತಪ್ಪು ಮಾಡಿದವರು ಹುಡುಗರು. ಶಾಲೆಯನ್ನು ಕೇಳಲು ಬರುತ್ತದೆಯೇ? ಪೊಲೀಸರ ಹತ್ತಿರ ಹೋಗಬೇಕೇ? ಇನ್ನೊಂದು ಮಾತು. ಮಗ ‘ಅವರ ಹೆಸರು ಬರೀಬ್ಯಾಡವ್ವ’ ಅಂತ ಅಳುತ್ತಾನೆ.
– ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ಅಕ್ಕಾವರೇ, ಕೇಳಲು ಬರುತ್ತದೆ. ತಳ್ಳಿದವರು ಹುಡುಗರೇ ಇರಬಹುದು, ಶಾಲೆಯೂ ಉತ್ತರ ಕೊಡಬೇಕು. ಮುರಿದ ಕೈ ನೋಡಿ ಎಲ್ಲರೂ ಅಯ್ಯೋ ಅನ್ನುತ್ತಾರೆ. ಆದರೆ ನಿಮ್ಮ ಪತ್ರದಲ್ಲಿ ಶಾಲೆಯನ್ನು ಕಟ್ಟಿಹಾಕುವ ಸಾಲು ಬೇರೆ ಇದೆ: ‘ಆಗಸ್ಟ್‌ನಲ್ಲಿ ಹೆಡ್ ಮೇಡಂಗೂ ಹೇಳಿದೆ.’

ಯಾಕೆ ಅಂತ ಹೇಳುತ್ತೇನೆ. ಒಂದು ಶಾಲೆಯಲ್ಲಿ ಏಳೆಂಟು ನೂರು ಮಕ್ಕಳು ಓಡಾಡುತ್ತಾರೆ. ಮಧ್ಯಾಹ್ನ ಬಿಟ್ಟಾಗ ಇಬ್ಬರು ಹುಡುಗರು ಚೆಂಡಿಗಾಗಿ ಕಿತ್ತಾಡಿ ಒಬ್ಬನ ಹಲ್ಲು ಹೋಯಿತು ಅಂದುಕೊಳ್ಳಿ. ಅದನ್ನು ಮುಂಚೆಯೇ ಊಹಿಸಲು ಯಾವ ಮಾಸ್ತರಿಗೂ ಆಗುವುದಿಲ್ಲ. ಮಾಸ್ತರು ಅಲ್ಲೇ ಇದ್ದು ಕಣ್ಣಿಟ್ಟಿದ್ದರೆ ಕೋರ್ಟು ಶಾಲೆಯ ಮೇಲೆ ಹೊಣೆ ಹೊರಿಸುವುದಿಲ್ಲ. ನಿಮ್ಮ ಮಗನ ವಿಷಯ ಹಾಗಲ್ಲ. ಅದೇ ಮೂರು ಹುಡುಗರು, ಅದೇ ಒಬ್ಬ ಹುಡುಗ, ಜೂನ್‌ನಿಂದ. ಶಾಲೆಗೆ ಗೊತ್ತಿತ್ತು. ತಡೆಯಲು ಆಗುತ್ತಿತ್ತು. ತಡೆಯಲಿಲ್ಲ. ಕಾನೂನಿನಲ್ಲಿ ಇದಕ್ಕೆ ನಿರ್ಲಕ್ಷ್ಯ ಅನ್ನುತ್ತಾರೆ. ಇಡೀ ಪ್ರಕರಣ ನಿಲ್ಲುವುದು ‘ಗೊತ್ತಿತ್ತು’ ಅನ್ನುವ ಒಂದು ಮಾತಿನ ಮೇಲೆ. ನೀವು ಹೇಳಿದ್ದೆಲ್ಲ ಬಾಯಿಮಾತಿನಲ್ಲಿ. ನಾಳೆ ಅವರು ‘ನಮಗೆ ಯಾರೂ ಹೇಳೇ ಇಲ್ಲ’ ಅಂದರೆ ಏನು ತೋರಿಸುತ್ತೀರಿ? ನಿಮಗೆ ಈಗ ಇರುವ ಮೊದಲ ಕೆಲಸ ಅದೇ.

ಕೆಲವು ವರ್ಷದ ಹಿಂದೆ ಗದಗ ಕಡೆಯಿಂದ ಒಂದು ಕೇಸು ಬಂದಿತ್ತು. ಆರನೇ ಕ್ಲಾಸಿನ ಹುಡುಗಿ. ಮುಖದ ಮೇಲೆ ತೊನ್ನಿನ ಕಲೆ ಇತ್ತು. ಅದಕ್ಕೊಂದು ಅಡ್ಡಹೆಸರು ಇಟ್ಟು ಚಿಡಾಯಿಸುತ್ತಿದ್ದರು. ಪಾಟಿಚೀಲ ಒಯ್ದು ಬಚ್ಚಲಲ್ಲಿ ಒಗೆಯುತ್ತಿದ್ದರು. ಹುಡುಗಿ ಊಟ ಬಿಟ್ಟಳು. ಬರುಬರುತ್ತ ಮಾತೂ ಬಿಟ್ಟಳು. ಶಾಲೆಯವರದು ಒಂದೇ ಹಾಡು, ‘ಪಾಲಕರು ಒಂದಿನಾನೂ ನಮ್ಮ ಗಮನಕ್ಕೆ ತಂದಿಲ್ಲ.’ ತಂದೆಯ ಕೈಯಲ್ಲಿ ಒಂದು ಅರ್ಜಿ ಇಲ್ಲ, ಒಂದು ಚೀಟಿ ಇಲ್ಲ. ನಮ್ಮ ಆಫೀಸಿನ ಹುಡುಗ ಸುಮ್ನೆ ಆ ಮಗುವಿನ ಸ್ಕೂಲ್ ಡೈರಿ ತಿರುವಿ ಹಾಕುತ್ತ ಕೂತಿದ್ದ. ಹೋಮ್‌ವರ್ಕ್ ಬರೆಯುವ ಜಾಗದ ಕೆಳಗೆ ತಾಯಿಯ ದುಂಡನೆಯ ಅಕ್ಷರ: ‘ಮೇಡಂ, ಚೀಲ ಮತ್ತೆ ಬಚ್ಚಲದಾಗ ಒಗದಾರ. ದಯಮಾಡಿ ನೋಡ್ರಿ.’ ಅಂಥವು ಮೂರು. ಪ್ರತಿಯೊಂದರ ಕೆಳಗೂ ಕೆಂಪು ಶಾಯಿಯಲ್ಲಿ ಟೀಚರ್ ಸಹಿ, ತಾರೀಖು. ಮೂರನೆಯದರ ಕೆಳಗೆ ‘ನೋಡಿದೆ’ ಅಂತ ಬೇರೆ ಬರೆದಿದ್ದರು! ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸಭೆಯಲ್ಲಿ ಅದನ್ನು ಮೇಜಿನ ಮೇಲೆ ಇಟ್ಟೆವು. ಆಡಳಿತ ಮಂಡಳಿಯ ಹಿರಿಯರೊಬ್ಬರು ಚಷ್ಮಾ ಹಾಕಿಕೊಂಡು ನೋಡಿದರು. ಪುಟ ಹಿಂದಕ್ಕೆ ತಿರುವಿದರು, ಮುಂದಕ್ಕೆ ತಿರುವಿದರು. ಆಮೇಲೆ ಎಲ್ಲರಿಗೂ ಚಹಾ ಹೇಳಿದರು. ಕೋರ್ಟಿಗೆ ಹೋಗುವ ಪ್ರಸಂಗವೇ ಬರಲಿಲ್ಲ. ಡಾಕ್ಟರ್ ಖರ್ಚು ಕೊಟ್ಟರು, ಆ ಮಕ್ಕಳ ಸೆಕ್ಷನ್ ಬದಲಿಸಿದರು, ಬಚ್ಚಲ ಹತ್ತಿರ ಒಬ್ಬ ಆಯಾಳನ್ನು ಕೂರಿಸಿದರು.

ಹಾಗಾಗಿ ಇವತ್ತೇ ಮಗನ ಡೈರಿ ತೆಗೆದು ನೋಡಿ. ಟೀಚರಿಗೆ ಕಳಿಸಿದ ವಾಟ್ಸ್ಆ್ಯಪ್ ಮೆಸೇಜ್ ಇದ್ದರೆ ಅಳಿಸಬೇಡಿ. ಮೊಬೈಲ್ ಬದಲಿಸುವುದಿದ್ದರೂ ಹಳೆಯದನ್ನು ಎತ್ತಿಡಿ. ಫೋನ್ ಮಾಡಿದ ದಿನಾಂಕಗಳು ಕಾಲ್ ಲಿಸ್ಟ್‌ನಲ್ಲಿ ಇದ್ದರೆ ಅದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ.

ಇನ್ನು ಕಾನೂನು. ‘ಬುಲ್ಲಿಯಿಂಗ್ ತಡೆ ಕಾಯ್ದೆ’ ಅಂತ ಹೆಸರಿಟ್ಟ ಕೇಂದ್ರ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ಅದಕ್ಕೇ ಶಾಲೆಯವರು ಧೈರ್ಯವಾಗಿ ಮಾತಾಡುತ್ತಾರೆ. ನಮ್ಮ ಕಡೆ ಇದಕ್ಕಿರುವ ಶಬ್ದಗಳೂ ಹಗುರ: ಚಿಡಾಯಿಸೋದು, ಚಾಷ್ಟಿ, ಮಷ್ಕಿರಿ. ಕೇಳಿದವರಿಗೆ ನಗು ಬರುತ್ತದೆ. ಕಾಯ್ದೆ ಮಾತ್ರ ನಗುವುದಿಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆ, 1983ರಲ್ಲಿ ರ‍್ಯಾಗಿಂಗ್ ಅಂದರೆ ಏನು ಅಂತ ಬರೆದಿದ್ದಾರೆ. ಹೆದರಿಸಿ, ತಡೆದು ನಿಲ್ಲಿಸಿ, ಪೆಟ್ಟು ಮಾಡಿ ಒಬ್ಬ ವಿದ್ಯಾರ್ಥಿಯ ಮಾನಕ್ಕೆ ಕುಂದು ಬರುವಂತೆ, ಅವನು ನಗೆಪಾಟಲಾಗುವಂತೆ ಮಾಡುವುದೂ ಅದರಲ್ಲಿ ಬರುತ್ತದೆ. ಅದನ್ನು ತಮಾಷೆಗೆಂದು ಮಾಡಿದ್ದರೂ ಸರಿ ಅನ್ನುವ ಅರ್ಥದ ಮಾತು ಆ ವ್ಯಾಖ್ಯೆಯಲ್ಲೇ ಇದೆ. ರ‍್ಯಾಗಿಂಗ್ ಅಂದರೆ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ ಅಂದುಕೊಂಡಿದ್ದೇವೆ, ಅಲ್ವಾ? ಈ ಕಾಯ್ದೆ ಹೇಳುವುದು ವಿದ್ಯಾರ್ಥಿ ಅಂತ ಅಷ್ಟೇ. ‘ಹುಡುಗರಾಟ’ ಅನ್ನುವ ಉತ್ತರಕ್ಕೆ ಇದು ಸರಿಯಾದ ಮದ್ದು.

ಆದರೆ ಅದು ಮಾಡಿದವರ ಬಗ್ಗೆ. ಶಾಲೆಯ ಹೊಣೆ ಬೇರೆ ಕಡೆಯಿಂದ ಬರುತ್ತದೆ. ಅದರ ಬುಡ ತೀರಾ ಹಳೆಯದು. ಗೇಟಿನೊಳಗೆ ಮಗು ಕಾಲಿಟ್ಟ ಮೇಲೆ ಶಾಲೆಯೇ ಅದರ ಪಾಲಕ. ಎಚ್ಚರದ ತಂದೆ ತಾಯಿ ಎಷ್ಟು ಕಾಳಜಿ ಮಾಡುತ್ತಾರೋ ಅಷ್ಟು ಕಾಳಜಿ ಮಾಸ್ತರೂ ಮಾಡಬೇಕು. 1995ರಲ್ಲಿ ಶಾಲೆಯ ಪಿಕ್‌ನಿಕ್‌ಗೆ ಹೋದ 14 ಮಕ್ಕಳು ಬಿಯಾಸ್ ನದಿಯಲ್ಲಿ ಮುಳುಗಿ ಸತ್ತರು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಪ್ರತಿ ಮಗುವಿಗೆ 5 ಲಕ್ಷ ರೂಪಾಯಿ ಪರಿಹಾರ ಎತ್ತಿಹಿಡಿಯಿತು. ಮಾಸ್ತರರ ನಿರ್ಲಕ್ಷ್ಯಕ್ಕೆ ಆಡಳಿತ ಮಂಡಳಿ ಹೊಣೆ ಅಂತ ಅಲ್ಲಿ ಸ್ಪಷ್ಟವಾಯಿತು. ನಾನು ಆ ತೀರ್ಪಿನಿಂದ ಮತ್ತೆ ಮತ್ತೆ ಎತ್ತಿಕೊಳ್ಳುವುದು ಒಂದು ಸಣ್ಣ ಮಾತು. ಆಟದ ಬಯಲಿನಲ್ಲಿ ಮಕ್ಕಳ ಮೇಲೆ ಕಣ್ಣಿಡಬೇಕಾದಷ್ಟು, ಶಾಲೆ ಬಿಟ್ಟು ಮನೆಗೆ ಹೋಗುವಾಗ ಇಡಬೇಕಾಗಿಲ್ಲ ಅಂತ ಕೋರ್ಟು ಹೇಳುತ್ತದೆ. ಅಂದರೆ ಜಾಗ ನೋಡಿ ಹೊಣೆ. ನಿಮ್ಮ ಮಗನಿಗೆ ಆದದ್ದು ಶಾಲೆಯ ಮೆಟ್ಟಿಲ ಮೇಲೆ, ಶಾಲೆಯ ಬಸ್ಸಿನಲ್ಲಿ. ಎರಡೂ ಅವರದೇ ಜಾಗ.

ಇದರ ಜೊತೆಗೆ ಕೇಂದ್ರ ಶಿಕ್ಷಣ ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ಶಾಲಾ ಸುರಕ್ಷತೆಯ ಮಾರ್ಗಸೂಚಿ ಹೊರಡಿಸಿದೆ. ಮಕ್ಕಳ ಸುರಕ್ಷತೆ ವಿಷಯದಲ್ಲಿ ಶಾಲೆಯ ಆಡಳಿತದ ಮೇಲೆ ಹೊಣೆ ಗೊತ್ತುಮಾಡುವುದಕ್ಕೇ ಮಾಡಿದ್ದು ಅದು. ಸರ್ಕಾರಿ, ಖಾಸಗಿ ಎರಡಕ್ಕೂ ಅನ್ವಯ. ಒಂದು ಮಗು ಇನ್ನೊಂದು ಮಗುವನ್ನು ಕಾಡುವುದನ್ನು ತಡೆಯದೆ ಬಿಡುವುದನ್ನೂ ಅದರಲ್ಲಿ ನಿರ್ಲಕ್ಷ್ಯ ಅಂತ ಎಣಿಸಿದ್ದಾರೆ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಜಾರಿ ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿ, ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗಕ್ಕೆ ಉಸ್ತುವಾರಿ ಒಪ್ಪಿಸಿತು. ನಮ್ಮ ರಾಜ್ಯದ್ದೇ 2016ರ ಮಕ್ಕಳ ರಕ್ಷಣಾ ನೀತಿ ಇದೆ. ಅದರ ಪ್ರಕಾರ ಶಾಲೆಯಲ್ಲಿ ಮಕ್ಕಳ ರಕ್ಷಣಾ ಸಮಿತಿ ಇರಬೇಕು. ದೂರಿನ ಪೆಟ್ಟಿಗೆ ನೀವೂ ನೋಡಿರಬೇಕು, ಆಫೀಸ್ ರೂಮಿನ ಬಾಗಿಲ ಪಕ್ಕದಲ್ಲೇ ತೂಗುಹಾಕಿರುತ್ತಾರೆ. ದೂರು ಹಾಕುವ ಮಗುವನ್ನು ಹೆಡ್‌ಮಾಸ್ತರು ಕುರ್ಚಿಯಿಂದಲೇ ನೋಡಬಹುದು. ಕೀಲಿಗೆ ಜಂಗು ಹಿಡಿದಿರುತ್ತದೆ. ಸಿ.ಬಿ.ಎಸ್.ಇ. ಶಾಲೆಗಳಿಗಾದರೆ 2015ರ ಮಾರ್ಚ್‌ನಲ್ಲೇ ಬುಲ್ಲಿಯಿಂಗ್ ತಡೆ ಸಮಿತಿ ಮಾಡಿ ಅಂತ ಮಂಡಳಿಯ ಸುತ್ತೋಲೆ ಬಂದಿದೆ. ಕೇಂದ್ರ ಪಠ್ಯಕ್ರಮದ ಶಾಲೆಯ ಪಾಲಕರು ಯಾರಾದರೂ ಇದನ್ನು ಓದುತ್ತಿದ್ದರೆ ಅದನ್ನು ನೆನಪಿಡಲಿ.

ಬಾಲನ್ಯಾಯ ಕಾಯ್ದೆ, 2015ರ 75ನೇ ಕಲಂ ಬಗ್ಗೆ ನಿಮಗೆ ಯಾರಾದರೂ ಹೇಳಿರಬಹುದು. ಮಗುವಿನ ಉಸ್ತುವಾರಿ ಇರುವವರು ಬೇಕೆಂದೇ ನಿರ್ಲಕ್ಷ್ಯ ಮಾಡಿ ಮಗುವಿಗೆ ನೋವಾಗುವಂತೆ ಮಾಡಿದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ದಂಡ, ಇಲ್ಲವೇ ಎರಡೂ. ಇದರಲ್ಲಿ ‘ಬೇಕೆಂದೇ’ ಅನ್ನುವ ಮಾತು ಭಾರವಾದದ್ದು. ಟೀಚರ್ ಸೋಮಾರಿ, ಹೆಡ್ ಮೇಡಂ ಉಡಾಫೆ ಅನ್ನುವುದಷ್ಟೇ ಸಾಕಾಗುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲ ದಿನವೇ ಈ ಕಲಂ ಹಿಡಿದು ಹೋಗುತ್ತಿರಲಿಲ್ಲ. ಲಿಖಿತ ದೂರು ಕೊಟ್ಟ ಮೇಲೂ ಅದೇ ಹುಡುಗರ ಕೈಗೆ ಮಗುವನ್ನು ಬಿಟ್ಟರು ಅಂದಾಗ ಅದಕ್ಕೆ ಬಲ ಬರುತ್ತದೆ. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಕಲಂ ಕೂಡ ಅಷ್ಟೇ. ಯಾವ ಮಗುವಿಗೂ ಹೊಡೆತ, ಮಾನಸಿಕ ಕಿರುಕುಳ ಆಗಬಾರದು ಅನ್ನುತ್ತದೆ. ಆದರೆ ಅದರ ಶಿಕ್ಷೆ ಸೇವಾ ನಿಯಮದ ಪ್ರಕಾರ ಶಿಸ್ತುಕ್ರಮ. ಹಾಗಾಗಿ ಅದು ಹೆಚ್ಚಾಗಿ ಮಾಸ್ತರರ ಮೇಲೆ ಉಪಯೋಗಕ್ಕೆ ಬರುತ್ತದೆ. ಟೀಚರೇ ನಿಮ್ಮ ಮಗನ ಹಳ್ಳಿ ಮಾತನ್ನು ಕ್ಲಾಸಿನಲ್ಲಿ ಆಡಿ ತೋರಿಸಿ ನಗಿಸಿದ್ದಾರಾ ಅಂತ ಒಮ್ಮೆ ಮಗನನ್ನು ಕೇಳಿ. ಹುಡುಗರಿಗೆ ಆ ಧೈರ್ಯ ಎಷ್ಟೋ ಸಲ ಅಲ್ಲಿಂದಲೇ ಬಂದಿರುತ್ತದೆ.

ಅಮೆರಿಕದ ಒಂದು ಪ್ರಕರಣ ಇಲ್ಲಿ ನೆನಪಾಗುತ್ತದೆ. ಜಾರ್ಜಿಯಾದಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳನ್ನು ಪಕ್ಕದ ಸೀಟಿನ ಹುಡುಗ ತಿಂಗಳುಗಟ್ಟಲೆ ಕಾಡಿದ. ತಾಯಿ ಹೋಗಿ ಹೋಗಿ ಹೇಳಿದರು. ಸೀಟು ಬದಲಿಸುವುದಕ್ಕೇ ಶಾಲೆ ಮೂರು ತಿಂಗಳ ಮೇಲೆ ತೆಗೆದುಕೊಂಡಿತು. 1999ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಐದು ನಾಲ್ಕರ ಬಹುಮತದಲ್ಲಿ, ಗೊತ್ತಿದ್ದೂ ಬೇಕೆಂದೇ ಅಲಕ್ಷ್ಯ ಮಾಡಿದ ಶಾಲಾ ಮಂಡಳಿಯಿಂದ ಪರಿಹಾರ ಕೇಳಬಹುದು ಅಂತ ಹೇಳಿತು. ಅದು ಹೆಣ್ಣುಮಕ್ಕಳ ಸಮಾನತೆಯ ಅವರ ಕಾಯ್ದೆಯ ಕೆಳಗೆ ಬಂದ ತೀರ್ಪು, ನಮ್ಮ ಕೋರ್ಟನ್ನು ಕಟ್ಟಿಹಾಕುವುದಿಲ್ಲ. ಆದರೂ ನನ್ನ ಮೆಚ್ಚಿನ ಪ್ರಶ್ನೆಯನ್ನು ಅಲ್ಲಿಂದಲೇ ತಂದಿದ್ದೇನೆ. ಎದುರಿನವರಿಗೆ ಕೇಳುತ್ತೇನೆ, ‘ಬಸ್ಸಿನಲ್ಲಿ ಒಂದು ಸೀಟು ಬದಲಿಸಲಿಕ್ಕೆ ನಿಮಗೆ ಎಷ್ಟು ಖರ್ಚಾಗುತ್ತಿತ್ತು?’

ಆಸ್ಪತ್ರೆಯ ವಿಷಯಕ್ಕೆ ಬರೋಣ. ಅಲ್ಲಿ ನಿಮ್ಮಿಂದ ತಪ್ಪಾಗಿದೆ, ಬೇಜಾರಾಗಬೇಡಿ, ಹತ್ತರಲ್ಲಿ ಎಂಟು ಮಂದಿ ಹಾಗೇ ಮಾಡುತ್ತಾರೆ. ‘ಹೊಡೆದರು’ ಅಂದರೆ ಎಂ.ಎಲ್.ಸಿ. (ಆಸ್ಪತ್ರೆ ಪೊಲೀಸರಿಗೆ ತಿಳಿಸುವ ಪ್ರಕರಣ) ಆಗುತ್ತದೆ, ಪೊಲೀಸರು ಬರುತ್ತಾರೆ ಅನ್ನುವ ಹೆದರಿಕೆಗೆ ‘ಬಿದ್ದ’ ಅನ್ನುತ್ತಾರೆ. ಡಾಕ್ಟರು ನೀವು ಹೇಳಿದ್ದನ್ನೇ ಬರೆಯುತ್ತಾರೆ. ಆ ಚೀಟಿಯನ್ನು ಶಾಲೆಯ ವಕೀಲರು ಮೊದಲ ದಿನವೇ ಹಾಜರುಪಡಿಸುತ್ತಾರೆ, ಬರೆದಿಟ್ಟುಕೊಳ್ಳಿ. ಹಳೆಯ ಚೀಟಿ ತಿದ್ದಿಕೊಡಿ ಅಂತ ಡಾಕ್ಟರ್ ಹತ್ತಿರ ಮಾತ್ರ ಹೋಗಬೇಡಿ. ಅವರೂ ಸಿಕ್ಕಿಬೀಳುತ್ತಾರೆ, ನೀವೂ ಸಿಕ್ಕಿಬೀಳುತ್ತೀರಿ. ಪ್ಲಾಸ್ಟರ್ ತೋರಿಸಲು ಹೇಗೂ ಮತ್ತೆ ಹೋಗಬೇಕಲ್ಲ. ಆಗ ಮಗನ ಬಾಯಿಂದಲೇ ನಡೆದದ್ದು ಹೇಳಿಸಿ. ಮೊದಲು ಯಾಕೆ ಹಾಗೆ ಹೇಳಿದ್ದೆವು ಅನ್ನುವುದನ್ನೂ ಹೇಳಿ. ಅವತ್ತಿನ ತಾರೀಖಿನಲ್ಲಿ ಅವರು ಹೊಸದಾಗಿ ಬರೆಯುತ್ತಾರೆ. ಮಗ ರಾತ್ರಿ ಬೆಚ್ಚಿಬೀಳುತ್ತಿದ್ದರೆ, ಊಟ ಬಿಟ್ಟಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಒಮ್ಮೆ ಕರೆದುಕೊಂಡು ಹೋಗಿ. ಹುಚ್ಚಾಸ್ಪತ್ರೆ ಅನ್ನುವ ಹಳೆಯ ಮಾತಿಗೆ ಹೆದರಿ ಎಷ್ಟೋ ಮಂದಿ ಆ ಗೇಟಿನವರೆಗೂ ಹೋಗುವುದಿಲ್ಲ. ಫೋನಿನಲ್ಲೇ ಮಾತಾಡುತ್ತೇನೆ ಅಂದರೆ 14416ಕ್ಕೆ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ, ಕನ್ನಡದಲ್ಲೇ ಮಾತಾಡಬಹುದು. ಅದು ಕೇಸಿಗಾಗಿ ಅಲ್ಲ, ಹುಡುಗನಿಗಾಗಿ.

ಟಿ.ಸಿ. ಬೆದರಿಕೆಗೆ ಒಂದೇ ಮಾತಿನ ಉತ್ತರ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ನಿಮ್ಮ ಮಗ ಏಳನೇ ಕ್ಲಾಸ್. ಅವರ ಮಾತಿಗೆ ಬೆಲೆ ಇಲ್ಲ. ಅಲ್ಪಸಂಖ್ಯಾತ ಸಂಸ್ಥೆಯಾದರೆ ಮಾತ್ರ ಬೇರೆ. 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಈ ಕಾಯ್ದೆ ಅವುಗಳಿಗೆ ಹತ್ತುವುದಿಲ್ಲ ಅಂತಾಯಿತು, ಅದನ್ನು ಮೊದಲು ನೋಡಿಕೊಳ್ಳಿ. ನೀವಾಗಿ ಬೇರೆ ಶಾಲೆಗೆ ಹಾಕಬೇಕು ಅನಿಸಿದರೆ ಅದು ನಿಮ್ಮ ಹಕ್ಕು. ಸೋತೆವು ಅಂದುಕೊಳ್ಳಬೇಕಿಲ್ಲ. ಶಾಲೆ ಬದಲಿಸಿದ ಮೇಲೂ ದೂರು ನಡೆಯುತ್ತದೆ.

ಈಗ ದೂರು ಬರೆಯೋಣ. ಒಂದೂವರೆ ಪುಟ ಸಾಕು. ಬೈಗುಳ ಬೇಡ, ‘ನಿಮ್ಮ ಶಾಲೆ ಹಾಳಾಗ್ಲಿ’ ಬೇಡ. ತಾರೀಖು, ಜಾಗ, ಏನಾಯಿತು, ಯಾರು ನೋಡಿದರು, ಯಾರಿಗೆ ಯಾವಾಗ ಹೇಳಿದಿರಿ, ಅವರು ಏನಂದರು. ‘ಹುಡುಗರಾಟ ಬಿಡ್ರಿ’ ಅನ್ನುವ ಮಾತನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆಯಿರಿ. ಕೊನೆಗೆ ನಿಮಗೇನು ಬೇಕು ಅನ್ನುವುದನ್ನು ಬಿಡಿಬಿಡಿಯಾಗಿ ಬರೆಯಿರಿ. ಬಸ್ಸಿನಲ್ಲಿ ಮುಂದಿನ ಸೀಟು, ಊಟದ ಹೊತ್ತಿಗೆ ಕಣ್ಣಿಡಲು ಒಬ್ಬ ಟೀಚರ್, ಆ ಮೂವರ ಪಾಲಕರನ್ನು ಕರೆಸುವುದು, ಆಸ್ಪತ್ರೆ ಖರ್ಚು. ಮತ್ತು ಮುಖ್ಯವಾಗಿ, ಮೆಟ್ಟಿಲ ಕಡೆಯ ಸಿ.ಸಿ. ಕ್ಯಾಮೆರಾದ ದೃಶ್ಯ ಕಾದಿಡಿ ಅಂತ ಬರೆಯಿರಿ. ಆ ಯಂತ್ರಗಳಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತ ಹೋಗುತ್ತದೆ. ನಿಮ್ಮದು ಆಗಲೇ ಒಂದು ತಿಂಗಳು ದಾಟಿದೆ, ಹೋಗಿರಲೂಬಹುದು. ಆದರೂ ಕೇಳಿ. ‘ಇಲ್ಲ’ ಅಂತ ಅವರು ಬರೆದುಕೊಟ್ಟರೆ ಅದೂ ಒಂದು ಕಾಗದವೇ. ಎರಡು ಪ್ರತಿ ಮಾಡಿಸಿ. ಒಂದು ಅವರಿಗೆ, ಇನ್ನೊಂದರ ಮೇಲೆ ಶಾಲೆಯ ಮೊಹರು, ಸಹಿ, ತಾರೀಖು ಹಾಕಿಸಿಕೊಳ್ಳಿ. ಗುಮಾಸ್ತರು ‘ಮೇಡಂ ಬಂದ ಮ್ಯಾಲೆ ಕೊಡ್ರಿ’ ಅಂತ ಎರಡು ದಿನ ಅಲೆದಾಡಿಸಬಹುದು. ಮೂರನೇ ದಿನ ಹೋಗಬೇಡಿ, ಸೀದಾ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ ಮಾಡಿ.

ಏಳೆಂಟು ದಿನ ಕಾಯಿರಿ. ಏನೂ ಆಗದಿದ್ದರೆ ಅದೇ ದೂರಿನ ಪ್ರತಿ ಹಚ್ಚಿ ಹುಬ್ಬಳ್ಳಿ ಶಹರದ ಬಿಇಒಗೆ ಕೊಡಿ, ಧಾರವಾಡದ ಡಿಡಿಪಿಐಗೂ (ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು) ಒಂದು ಕಳಿಸಿ. ಇದೇ ತೊಂದರೆ ಗದಗ, ಹಾವೇರಿ ಕಡೆಯವರದ್ದಾದರೆ ಅವರ ತಾಲ್ಲೂಕಿನ ಬಿಇಒ, ಅವರ ಜಿಲ್ಲೆಯ ಡಿಡಿಪಿಐ. ನನ್ನ ಅನುಭವದಲ್ಲಿ ಖಾಸಗಿ ಶಾಲೆ ಪಾಲಕರಿಗೆ ಹೆದರುವುದಿಲ್ಲ, ವಕೀಲರ ನೋಟಿಸಿಗೂ ಅಷ್ಟಾಗಿ ಹೆದರುವುದಿಲ್ಲ. ಬಿಇಒ ಕಚೇರಿಯಿಂದ ‘ವರದಿ ಕೊಡಿ’ ಅನ್ನುವ ನಾಲ್ಕು ಸಾಲಿನ ಪತ್ರ ಬಂತು ಅಂದರೆ ಅವತ್ತು ಸಂಜೆಯೇ ಮೀಟಿಂಗ್ ಆಗುತ್ತದೆ. ಮಾನ್ಯತೆ ನವೀಕರಣದ ಫೈಲು ಅದೇ ಕಚೇರಿಯಲ್ಲಿ ಅಲ್ವಾ ಇರೋದು! ಅಲ್ಲೂ ಅರ್ಜಿ ಮೂಲೆ ಸೇರಿತು ಅನಿಸಿದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ‘ನನ್ನ ದೂರಿನ ಮೇಲೆ ಏನು ಕ್ರಮ ಆಯಿತು’ ಅಂತ ಕೇಳಿ. ಅರ್ಜಿ 150 ಶಬ್ದದೊಳಗೆ ಇರಲಿ, ನಮ್ಮ ರಾಜ್ಯದ ನಿಯಮ ಅದು. 30 ದಿನದೊಳಗೆ ಉತ್ತರ ಬರಬೇಕು. ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಬರೆಯಬಹುದು. ಅವರು ಶಿಫಾರಸು ಮಾಡುತ್ತಾರೆ, ತೀರ್ಪು ಕೊಡುವುದಿಲ್ಲ. ಆದರೆ ಅವರ ನೋಟಿಸ್ ಬಂದ ಫೈಲನ್ನು ಇಲಾಖೆಯವರು ಕೆಳಗೆ ಇಡುವುದಿಲ್ಲ. ಎಲ್ಲ ಬಾಗಿಲೂ ಮುಚ್ಚಿದರೆ ಧಾರವಾಡದಲ್ಲೇ ಹೈಕೋರ್ಟ್ ಪೀಠ ಇದೆ. ದೂರು ಇತ್ಯರ್ಥ ಮಾಡಿ ಅಂತ ಇಲಾಖೆಗೆ ಹೇಳಿಸಿಕೊಂಡು ಬರಬಹುದು. ಹಿಂದೆ ಇದಕ್ಕೆಲ್ಲ ಬೆಂಗಳೂರಿಗೆ ರಾತ್ರಿ ಬಸ್ ಹಿಡಿಯಬೇಕಿತ್ತು.

ಪೊಲೀಸರ ಪ್ರಶ್ನೆ. ಕೈ ಮುರಿದಿದೆ, ಹಾಗಾಗಿ ದೂರು ಕೊಡಲು ಅಡ್ಡಿಯಿಲ್ಲ. ಕೊಟ್ಟರೆ ಏನಾಗುತ್ತದೆ ಅಂತ ತಿಳಿದು ಕೊಡಿ. ಆ ಹುಡುಗರು 18ರ ಒಳಗಿನವರು. ಅವರನ್ನು ಲಾಕಪ್‌ಗೆ ಹಾಕುವುದಿಲ್ಲ, ಹಾಕಬಾರದು. ಹೀನಾತಿಹೀನ ಅಪರಾಧ ಅಲ್ಲದಿದ್ದರೆ ಸಾಮಾನ್ಯವಾಗಿ ಮಕ್ಕಳ ಮೇಲೆ ಎಫ್‌ಐಆರ್ ಕೂಡ ಮಾಡುವುದಿಲ್ಲ. ಠಾಣೆಯ ಡೈರಿಯಲ್ಲಿ ಬರೆದುಕೊಂಡು, ಮನೆಯ ಪರಿಸ್ಥಿತಿಯ ವರದಿ ಜೊತೆ ಬಾಲನ್ಯಾಯ ಮಂಡಳಿಗೆ ಕಳಿಸುತ್ತಾರೆ. ಮಂಡಳಿ ಬುದ್ಧಿ ಹೇಳಬಹುದು, ಕೌನ್ಸೆಲಿಂಗ್‌ಗೆ ಕಳಿಸಬಹುದು. ‘ಅವರನ್ನು ಒಳಗೆ ಹಾಕಿಸಬೇಕು’ ಅಂತ ಹೋದವರು ಬರಿಗೈಲಿ ಬಂದು ನನ್ನ ಮೇಲೆ ಸಿಟ್ಟಾಗುತ್ತಾರೆ. ನನಗನಿಸುವುದು, ನಿಮ್ಮ ಪ್ರಕರಣದಲ್ಲಿ ಶಾಲೆಯ ದಾರಿ ಮೊದಲು, ಠಾಣೆ ಆಮೇಲೆ. ಆದರೆ ಮೂರು ಸಂದರ್ಭದಲ್ಲಿ ಒಂದು ದಿನವೂ ಕಾಯಬಾರದು. ಬಟ್ಟೆ ಎಳೆಯುವುದು, ಮುಟ್ಟಬಾರದ ಕಡೆ ಮುಟ್ಟುವುದು, ಅದರ ವಿಡಿಯೊ ಮಾಡುವುದು ನಡೆದಿದ್ದರೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾಯ್ದೆ) ಬರಬಹುದು. ಅಲ್ಲಿ ಗೊತ್ತಿದ್ದೂ ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೂ ಜೈಲು ಆಗಬಹುದು. ಮಕ್ಕಳು ಇನ್ನೊಬ್ಬರನ್ನು ಜಾತಿ ಹಿಡಿದು ಹೀಯಾಳಿಸುವುದು, ಅಂಗವಿಕಲತೆ ಹಿಡಿದು ಅವಮಾನ ಮಾಡುವುದು ಇದ್ದರೆ ಅವಕ್ಕೂ ಬೇರೆಯೇ ಕಾಯ್ದೆಗಳಿವೆ. ಮಗು ಸಾಯುವ ಮಾತಾಡಿದರೆ ಕಾನೂನು ಆಮೇಲೆ, ಅವನನ್ನು ಒಬ್ಬನೇ ಬಿಡದೆ ಮೊದಲು ಡಾಕ್ಟರ್. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು.

ಇನ್ನೊಂದು ಎಚ್ಚರಿಕೆ. ಆ ಹುಡುಗರ ಫೋಟೊ, ಹೆಸರು ಫೇಸ್‌ಬುಕ್‌ಗೆ, ಕಾಲೋನಿ ಗ್ರೂಪಿಗೆ ಹಾಕಬೇಡಿ. ನಿಮ್ಮ ತಮ್ಮನೋ ಮೈದುನನೋ ಹಾಕಲು ತುದಿಗಾಲಲ್ಲಿ ಇರುತ್ತಾರೆ. ಅಪರಾಧದ ಆರೋಪ ಇರುವ ಮಗುವಿನ ಗುರುತು ಬಯಲು ಮಾಡಿದರೆ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ. ದೂರು ಕೊಟ್ಟವರೇ ಆರೋಪಿಗಳಾಗಿ ನಿಂತದ್ದನ್ನು ನೋಡಿದ್ದೇನೆ.

ದುಡ್ಡಿನ ಬಗ್ಗೆ ನೀವು ಕೇಳಿಲ್ಲ. ಆದರೆ ಕೇಳಬೇಕು. ಆಸ್ಪತ್ರೆ ಬಿಲ್ಲು, ಹೋಗಿಬಂದ ಖರ್ಚು, ನೀವು ಬಿಟ್ಟ ಕೂಲಿ ಅಥವಾ ರಜೆ, ಮಗ ಪಟ್ಟ ನೋವು, ಎಲ್ಲದಕ್ಕೂ ಆಡಳಿತ ಮಂಡಳಿಯ ಮೇಲೆ ಸಿವಿಲ್ ದಾವೆ ಹೂಡಬಹುದು. ಗ್ರಾಹಕರ ನ್ಯಾಯಾಲಯ ಬೇಗ ಆಗುತ್ತದೆ ಅಂತ ಹೇಳುವವರು ಇದ್ದಾರೆ. ಅಲ್ಲಿ ದಾರಿ ನೇರವಾಗಿಲ್ಲ. 2006ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಶಾಲೆಯೊಂದರ ಪ್ರವಾಸದಲ್ಲಿ ಕಾಯಿಲೆ ಬಿದ್ದ ಹುಡುಗಿಗೆ ಸಮಯಕ್ಕೆ ಚಿಕಿತ್ಸೆ ಕೊಡಿಸದೆ ಅವಳು ಹಾಸಿಗೆ ಹಿಡಿದಳು. ಅದು ಗ್ರಾಹಕರ ಆಯೋಗದಲ್ಲೇ ನಡೆದ ಪ್ರಕರಣ, ಕೊನೆಗೆ ಸುಪ್ರೀಂ ಕೋರ್ಟ್ 88 ಲಕ್ಷ ರೂಪಾಯಿ ದಾಟಿದ ಪರಿಹಾರ ಎತ್ತಿಹಿಡಿಯಿತು. ಆದರೆ 2020ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಬೇರೊಂದು ಪ್ರಕರಣದಲ್ಲಿ ಶಿಕ್ಷಣ ಸಂಸ್ಥೆಗಳು ಈ ಕಾಯ್ದೆಗೆ ಬರುವುದಿಲ್ಲ ಅಂದುಬಿಟ್ಟಿತು. ಹೀಗಿರುವಾಗ ಇದೊಂದನ್ನೇ ನಂಬಿ ಕೂರಬೇಡಿ. ಸಿವಿಲ್ ದಾವೆಗೆ ವರ್ಷಗಳು ಹಿಡಿಯುತ್ತವೆ, ಸುಳ್ಳು ಹೇಳುವುದಿಲ್ಲ. ಮಗುವಿನ ಹಕ್ಕಿನ ದಾವೆಗೆ ಅವಧಿಯ ಲೆಕ್ಕ ಅವನಿಗೆ 18 ತುಂಬಿದ ಮೇಲೆ ಶುರುವಾಗುತ್ತದೆ, ಅದೊಂದು ಸಮಾಧಾನ. ಆದರೆ ಅಷ್ಟರೊಳಗೆ ಸಾಕ್ಷಿ ಹೇಳುವ ಗೆಳೆಯರು ಎಲ್ಲೆಲ್ಲೋ ಹೋಗಿರುತ್ತಾರೆ. ವಕೀಲರ ಫೀಸಿಗೆ ಹೆದರಬೇಕಿಲ್ಲ. ಮಹಿಳೆಯರಿಗೆ, ಮಕ್ಕಳಿಗೆ ಆದಾಯ ನೋಡದೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಕೊನೆಗೆ ಮಗನ ಮಾತು. ಹೆಸರು ಬರೆಯದೆ ದೂರು ಕೊಟ್ಟರೆ ಶಾಲೆ ‘ಯಾರೋ ಕೆಲವರು’ ಅಂತ ತಿಪ್ಪೆ ಸಾರಿಸುತ್ತದೆ. ಹೆಸರು ಬರೆಯಲೇಬೇಕು. ಆದರೆ ಅವನಿಗೆ ಹೇಳದೆ ಬರೆಯಬೇಡಿ. ಅವನ ಹೆದರಿಕೆ ಸುಳ್ಳಲ್ಲ. ದೂರು ಕೊಟ್ಟ ಮರುದಿನವೇ ಬಸ್ಸಿನಲ್ಲಿ ಆ ಮೂವರು ಇರುತ್ತಾರೆ. ಅದಕ್ಕೆ ದೂರಿನಲ್ಲೇ ಒಂದು ಸಾಲು ಸೇರಿಸಿ: ಮಗನನ್ನೂ ಆ ಹುಡುಗರನ್ನೂ ಎದುರುಬದುರು ನಿಲ್ಲಿಸಿ ವಿಚಾರಿಸಬಾರದು, ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರ ಮುಂದೆ ಅವನ ಹೆಸರು ಎತ್ತಬಾರದು. ಎಷ್ಟೋ ಹೆಡ್‌ಮಾಸ್ತರರಿಗೆ ‘ಶೇಕ್‌ಹ್ಯಾಂಡ್ ಕೊಡ್ರಿ, ಮುಗೀತು’ ಅನ್ನುವ ಚಟ ಇರುತ್ತದೆ. ಬೇಡ ಅಂತ ಮೊದಲೇ ಬರೆದುಬಿಡಿ. ಆ ವಾರ ಆಗುವುದಾದರೆ ನೀವೋ ಅವರಪ್ಪನೋ ಬಸ್ ಬಿಡಿಸಿ ಸ್ಕೂಟರ್‌ ಮೇಲೆ ಬಿಟ್ಟುಬನ್ನಿ. ಬರೆದಾದ ಮೇಲೆ ದೂರನ್ನು ಅವನ ಕೈಗೆ ಕೊಟ್ಟು ಓದಿಸಿ. ಬಲಗೈ ಸರಿ ಇದೆ ಅಲ್ವಾ? ಎಲ್ಲಾದರೂ ತಪ್ಪಿದ್ದರೆ ಅವನೇ ತಿದ್ದಲಿ.